ನಿಮಗಿದು ಗೊತ್ತೇ? ಸುಗ್ಗಿಯ ಜೊತೆಗೇ ಬರುವ ತುರಿಕೆ

ಶಿವರಾತ್ರಿ ಮುಗಿದು ಯುಗಾದಿ ಹತ್ತಿರವಾಗುತ್ತಿದ್ದಂತೆ ನಾಲತವಾಡದ ಸುತ್ತಿನ ಎರೆಹೊಲಗಳಲ್ಲಿ ಬಿಳಿಜೋಳದ ರಾಶಿ, ಕಡಲೆ ಒಕ್ಕಣೆ ಭರದಿಂದ ಸಾಗುತ್ತವೆ. ಅದೇ ಹೊತ್ತಿಗೆ ಕೆಲವರ ಕತ್ತು, ಮುಂಗೈ, ಕಣ್ಣುರೆಪ್ಪೆಗಳಲ್ಲಿ ತುರಿಕೆ ಶುರುವಾಗುತ್ತದೆ. ಹೋದ ವರ್ಷವೂ ಇದೇ ತಿಂಗಳು ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು. 'ಉಷ್ಣ ಆಗ್ಯದ, ತಾನೇ ಹೋಗ್ತದ' ಎಂದು ಸುಮ್ಮನಾಗುವವರೂ ಇದ್ದಾರೆ, ಅಂಗಡಿಯಿಂದ ಸಿಕ್ಕ ಮುಲಾಮು ತಂದು ಬಳಿಯುವವರೂ ಇದ್ದಾರೆ. ಆದರೆ ವರ್ಷ ವರ್ಷ ಒಂದೇ ಕಾಲಕ್ಕೆ ಮರಳುವ ತುರಿಕೆಗೆ ಕಾರಣ ಹುಡುಕುವುದು ಎಂದೋ ಒಮ್ಮೆ ಬರುವ ತುರಿಕೆಗಿಂತ ಸುಲಭ. ಯಾವ ತಿಂಗಳು, ಮೈಯ ಯಾವ ಜಾಗ, ಯಾವ ಕೆಲಸದ ನಂತರ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ದಾರಿ ಮುಗಿದಂತೆ.

ಹೊಲ ಮತ್ತು ಕಣ

1. ಜೋಳದ ರಾಶಿ ಮಾಡಿ ಬಂದವರ ಮೈ ತುರಿಸುವುದು ಬರೀ ಧೂಳಿನಿಂದಲ್ಲ. ತೆನೆಯಿಂದ ಉದುರುವ ಸುಂಕು ಅದಕ್ಕೆ ಮುಖ್ಯ ಕಾರಣ. ರಾಶಿ ಮಷೀನಿನ ಹೊಟ್ಟು ಹಾರುವ ದಿಕ್ಕಿನಲ್ಲಿ ನಿಂತವರ ಕೊರಳಪಟ್ಟಿಯೊಳಗೆ, ಬನಿಯನ್ನಿನ ಅಂಚಿನಲ್ಲಿ, ಮೊಣಕೈ ಮಡಿಕೆಯಲ್ಲಿ, ಸೊಂಟದ ಉಡಿದಾರದ ಸುತ್ತ ಅದು ಬೆವರಿಗೆ ಅಂಟಿ ಕೂರುತ್ತದೆ. ಉಜ್ಜಿದಷ್ಟೂ ಚರ್ಮಕ್ಕೆ ಚುಚ್ಚುತ್ತದೆ. ಹಾಗಾಗಿ ಮೊದಲು ಬಟ್ಟೆ ಬಿಚ್ಚಿ ಕೊಡವಿ, ಮೈಮೇಲೆ ಧಾರಾಳವಾಗಿ ನೀರು ಸುರಿದು ಸುಂಕು ಇಳಿಸಬೇಕು. ಸೋಪು ಹಚ್ಚುವುದು ಆಮೇಲೆ.

2. ಕಡಲೆ ಗಿಡದ ಮೈಮೇಲಿನ ನವಿರು ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಸ್ರವಿಸುತ್ತವೆ. ರಾತ್ರಿ ಬೆಳೆಯ ಮೇಲೆ ಬಟ್ಟೆ ಹಾಸಿ, ನಸುಕಿನಲ್ಲಿ ಇಬ್ಬನಿಯೊಂದಿಗೆ ನೆನೆದ ಆ ಹುಳಿಯನ್ನು ಹಿಂಡಿ ಹೊಟ್ಟೆನೋವಿಗೆಂದು ಇಟ್ಟುಕೊಳ್ಳುವ ರೂಢಿ ಹಳೆಯದು. ಕಡಲೆ ಕೀಳುವಾಗ ಬೆರಳ ಸಂದು, ಕಾಲ್ಗಿಣ್ಣು ಉರಿಯುವುದು ಇದೇ ಹುಳಿಯಿಂದ. ಇದು ಅಲರ್ಜಿಯಲ್ಲ, ಆಮ್ಲದ ಉರಿ. ಕೈಗೆ ಬಟ್ಟೆ ಕಟ್ಟಿಕೊಂಡರೆ ತಪ್ಪುತ್ತದೆ.

3. ಕುಸುಬಿ ಕೊಯ್ಯುವವರು ಕೈಕಾಲಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳುವುದು ಎಲೆಯ ಮುಳ್ಳಿಗೆ ಹೆದರಿ. ಮುಳ್ಳಿಲ್ಲದ ಕುಸುಬಿಯೂ ಇದೆ. ಸಾತಾರಾ ಜಿಲ್ಲೆಯ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ 'ನಾರಿ-6' ಎಂಬ ಮುಳ್ಳುರಹಿತ ತಳಿಯನ್ನು ಬೆಳೆಸಿದೆ.

4. ಬೇಲಿಗುಂಟ ಹಬ್ಬುವ ನಸುಗುನ್ನಿ ಬಳ್ಳಿಯ ಕಾಯಿ ಚಳಿಗಾಲ ಕಳೆಯುವ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಅದರ ಕಂದು ರೋಮದಲ್ಲಿ ಮ್ಯೂಕುನೈನ್ ಎಂಬ ಕಿಣ್ವವಿದೆ. ಅದು ಎಬ್ಬಿಸುವ ತುರಿಕೆಗೆ ಹಿಸ್ಟಮಿನ್ ಬೇಕಾಗಿಲ್ಲ, ನರದ ತುದಿಯನ್ನು ಅದೇ ನೇರವಾಗಿ ಕೆಣಕುತ್ತದೆ. ಎಲ್ಲ ತುರಿಕೆಯೂ ಅಲರ್ಜಿ ಗುಳಿಗೆಗೆ ಬಗ್ಗುವುದಿಲ್ಲ ಎಂಬುದನ್ನು ವಿಜ್ಞಾನಿಗಳು ಕಲಿತದ್ದರಲ್ಲಿ ಈ ಬಳ್ಳಿಯ ಪಾಲು ದೊಡ್ಡದು.

5. ನಸುಗುನ್ನಿ ತಾಕಿದ ಜಾಗವನ್ನು ಕೈಯಿಂದ ಉಜ್ಜಬಾರದು. ಅಂಟಿನ ಪಟ್ಟಿ ಒತ್ತಿ ಎಳೆದರೆ ರೋಮ ಕಿತ್ತುಬರುತ್ತದೆ. ಆಮೇಲೆ ತೊಳೆಯಿರಿ.

ಕಾಂಗ್ರೆಸ್ ಕಸ

6. ಊರ ಹೊರಗಿನ ರಸ್ತೆಬದಿ, ಕಾಲುವೆ ದಂಡೆ, ಪಾಳುಜಾಗದಲ್ಲೆಲ್ಲ ಕಾಣುವ ಬಿಳಿಹೂವಿನ ಕಾಂಗ್ರೆಸ್ ಕಸದ ಹೆಸರು ಪಾರ್ಥೇನಿಯಂ. ಇದರ ತವರು ಮೆಕ್ಸಿಕೊ ಕೊಲ್ಲಿಯ ಸೀಮೆ. 1955ರಲ್ಲಿ ಪುಣೆಯಲ್ಲಿ ಇದನ್ನು ಗುರುತಿಸಲಾಯಿತು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತೆಂದು ಜನ ಹೇಳುತ್ತಾರೆ. ಅಲ್ಲಿಂದ ದಖನ್ನಿನ ಒಣಭೂಮಿಗೆ ಹಬ್ಬಲು ಬಹಳ ಕಾಲ ಹಿಡಿಯಲಿಲ್ಲ.

7. ಒಂದೇ ಗಿಡ 15,000ದಿಂದ 25,000 ಬೀಜ ಉದುರಿಸಬಲ್ಲದು. ಮೊಳೆತ 4ರಿಂದ 6 ವಾರದೊಳಗೆ ಹೂ ಬಿಡಬಲ್ಲದು. ಹಾಗಾಗಿ ಹೂ ಬಿಟ್ಟ ಮೇಲೆ ಕಿತ್ತರೆ ಬೀಜವನ್ನು ನಾವೇ ಬಿತ್ತಿದಂತಾಗುತ್ತದೆ.

8. ತುರಿಕೆಗೆ ಕಾರಣ ಪಾರ್ಥೆನಿನ್ ಎಂಬ ರಾಸಾಯನಿಕ. ಗಿಡದ ಎಲೆ, ಕಾಂಡ, ಹೂವಿನ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಅದು ತುಂಬಿರುತ್ತದೆ. ಗಿಡ ಸತ್ತು ಒಣಗಿದರೂ ಅದರ ಪುಡಿ ತನ್ನ ಗುಣ ಬಿಡುವುದಿಲ್ಲ. ಮಾಘ, ಫಾಲ್ಗುಣದ ಗಾಳಿಗೆ ಒಣಗಿದ ಗಿಡ ಪುಡಿಯಾಗಿ ಹಾರುತ್ತದೆ. ಗಿಡ ಮುಟ್ಟದವರಿಗೂ ತುರಿಕೆ ಬರುವುದು ಹೀಗೆ.

9. ಈ ತುರಿಕೆಗೆ ತನ್ನದೇ ನಕ್ಷೆ ಇದೆ. ಮೇಲಿನ ಕಣ್ಣುರೆಪ್ಪೆ ಊದಿ ಕೆಂಪಾಗುತ್ತದೆ. ಕತ್ತಿನ ಸುತ್ತ, ಕಿವಿಯ ಹಿಂದೆ, ಮೊಣಕೈ ಮತ್ತು ಮೊಣಕಾಲಿನ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ ಕಪ್ಪೇರಿ, ಗೆರೆಗಳು ಎದ್ದು ಕಾಣುತ್ತವೆ. ಗಾಳಿಯಲ್ಲಿ ತೇಲಿಬಂದ ಪುಡಿ ಬೆವರಿರುವ ಮಡಿಕೆಗಳಲ್ಲೇ ಉಳಿದುಕೊಳ್ಳುವುದು ಇದಕ್ಕೆ ಕಾರಣ. ಬರೀ ಬಿಸಿಲಿನ ತುರಿಕೆಯಾದರೆ ಕಣ್ಣುರೆಪ್ಪೆ, ಗದ್ದದ ಕೆಳಗಿನ ಭಾಗ, ಕಿವಿಯ ಹಿಂಬದಿ ಸಾಮಾನ್ಯವಾಗಿ ಬಚಾವಾಗುತ್ತವೆ, ಅಲ್ಲಿ ನೆರಳಿರುತ್ತದೆ. ವೈದ್ಯರು ನಿಮ್ಮ ಕಿವಿಯನ್ನು ಮಡಚಿ ಹಿಂಬದಿ ನೋಡಿದರೆ ಅವರು ಹುಡುಕುತ್ತಿರುವುದು ಈ ವ್ಯತ್ಯಾಸವನ್ನೇ.

10. ಹೊರಗೆ ದುಡಿಯುವ ನಡುವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಮೊದಮೊದಲು ಚಳಿಗಾಲದಲ್ಲಿ ತಗ್ಗಿ ಬೇಸಿಗೆ, ಮಳೆಗಾಲಕ್ಕೆ ಏರುತ್ತದೆ. ನಿರ್ಲಕ್ಷಿಸಿದರೆ ಕೆಲವು ವರ್ಷಗಳಲ್ಲಿ ಹನ್ನೆರಡು ತಿಂಗಳೂ ಕಾಡುವ ಕಾಯಿಲೆಯಾಗಿ ನೆಲೆಯೂರುತ್ತದೆ. ಋತುವಿಗೊಮ್ಮೆ ಬರುತ್ತಿರುವಾಗಲೇ ಹಿಡಿಯಬೇಕೆಂದು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿ.

11. ಸೇವಂತಿಗೆ, ಸೂರ್ಯಕಾಂತಿ, ಕುಸುಬಿ, ಚೆಂಡುಹೂ ಎಲ್ಲವೂ ಕಾಂಗ್ರೆಸ್ ಕಸದ ಕುಟುಂಬದವು. ಪಾರ್ಥೇನಿಯಂ ಅಲರ್ಜಿ ಇರುವ ಕೆಲವರಿಗೆ ಸೇವಂತಿಗೆ ಕಟ್ಟುವಾಗಲೂ, ಸೂರ್ಯಕಾಂತಿ ಒಕ್ಕುವಾಗಲೂ ತುರಿಕೆ ಬರುತ್ತದೆ. ದೇವರ ಮನೆಯ ಹೂಮಾಲೆಯನ್ನು ಯಾರೂ ಅನುಮಾನಿಸುವುದಿಲ್ಲ, ಹಾಗಾಗಿ ಕಾರಣ ಮರೆಯಲ್ಲೇ ಉಳಿಯುತ್ತದೆ.

12. ಪಾರ್ಥೇನಿಯಂ ನಿಯಂತ್ರಣದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, 1997ರ ಅಕ್ಟೋಬರಿನಲ್ಲಿ. ಆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಭತ್ತದ ತಳಿಗಳಿಗೆ ಹೆಸರಾದ ಡಾ. ಎಂ. ಮಹದೇವಪ್ಪ ಈ ಕಳೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ ಪುಸ್ತಕವನ್ನೂ ಬರೆದರು. ತಗಚೆಯ ಬಳಗದ ಕ್ಯಾಸಿಯಾ ಗಿಡ ಬೆಳೆಸಿ ಕಾಂಗ್ರೆಸ್ ಕಸವನ್ನು ಹಿಂದೆ ಸರಿಸುವ ಉಪಾಯವನ್ನು ಅವರು ಮುಂದಿಟ್ಟರು.

13. ಈ ಕಳೆಯನ್ನು ಮೇಯುವ ಜೀರುಂಡೆಯನ್ನು 1983ರಲ್ಲಿ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಹೆಸರು ಜೈಗೋಗ್ರಾಮ ಬೈಕಲರೇಟ. ಮುಂದೆ ಅದು ಸೂರ್ಯಕಾಂತಿ ಎಲೆಯ ಮೇಲೂ ಕಂಡು ರೈತರು ಗಾಬರಿಯಾದರು. ಎಲೆಯ ಮೇಲೆ ಉದುರಿದ ಪಾರ್ಥೇನಿಯಂ ಪರಾಗ ಅದನ್ನು ಸೆಳೆದಿತ್ತು ಎಂದು ಅಧ್ಯಯನದಿಂದ ತಿಳಿಯಿತು.

14. ಆ ಜೀರುಂಡೆ ದುಡಿಯುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಮಣ್ಣೊಳಗೆ ಹೊಕ್ಕು ಮಲಗುತ್ತದೆ. ಯುಗಾದಿಯ ಹೊತ್ತಿಗೆ ಅದನ್ನು ನಂಬಿ ಕೂರುವಂತಿಲ್ಲ, ಮನೆಯ ಸುತ್ತಿನ ಕಸವನ್ನು ನಾವೇ ಕೀಳಬೇಕು. ತೋಳು ಮುಚ್ಚುವ ಅಂಗಿ, ಕೈಗವಸು, ಮುಖಕ್ಕೆ ಬಟ್ಟೆ ಇರಲಿ. ಈಗಾಗಲೇ ತುರಿಕೆ ಇರುವವರು ಮಾತ್ರ ಈ ಕೆಲಸಕ್ಕೆ ಇಳಿಯಬಾರದು.

ಬಿಸಿಲು

15. ನಾಲತವಾಡ ಇರುವುದು ಸುಮಾರು 16.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದ ಒಂದು ಮಧ್ಯಾಹ್ನ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್ ತಿಂಗಳ ಆರಂಭದಲ್ಲಿ ಮತ್ತೊಮ್ಮೆ ಹೀಗಾಗುತ್ತದೆ. ಆದರೆ ನೇರಳಾತೀತ ಕಿರಣ ಜೋರಾಗುವುದು ಮಾರ್ಚಿನಿಂದಲೇ. ವಿಶ್ವ ಆರೋಗ್ಯ ಸಂಸ್ಥೆ 'ಅತಿ ತೀವ್ರ' ಎಂದು ಕರೆಯುವ 11ರ ಸೂಚ್ಯಂಕವನ್ನು ನಮ್ಮ ನಡುಮಧ್ಯಾಹ್ನಗಳು ಆಗಲೇ ದಾಟುವುದುಂಟು.

16. ಚಳಿಗಾಲ ಕಳೆದು ಮೊದಲ ಬಿರುಬಿಸಿಲು ಬಿದ್ದಾಗ ಏಳುವ ತುರಿಕೆಯ ಗುಳ್ಳೆಗಳಿಗೆ ವೈದ್ಯರು ಪಾಲಿಮಾರ್ಫಿಕ್ ಲೈಟ್ ಇರಪ್ಶನ್ ಎನ್ನುತ್ತಾರೆ. ವಸಂತದಲ್ಲಿ ಮರಳಿ ಮರಳಿ ಬರುವ ತುರಿಕೆಗಳಲ್ಲಿ ಜಗತ್ತಿನಾದ್ಯಂತ ಇದಕ್ಕೆ ಮೊದಲ ಸಾಲಿನ ಸ್ಥಾನ. ಹೆಂಗಸರಲ್ಲಿ ಹೆಚ್ಚು.

17. ಬಿಸಿಲಿಗೆ ಹೋದ ಕೆಲವು ಗಂಟೆ ಅಥವಾ ಒಂದೆರಡು ದಿನದ ಮೇಲೆ ಇದು ಕಾಣಿಸುತ್ತದೆ. ಇಂದು ಎದ್ದ ಗುಳ್ಳೆಗೆ ನಿನ್ನೆ ಮೊನ್ನೆಯ ಬಿಸಿಲು ಕಾರಣವಿರಬಹುದು, ಇಂದು ತಿಂದ ಬದನೆಕಾಯಿ ಅಲ್ಲ.

18. ನಮ್ಮವರ ಮೈಬಣ್ಣದಲ್ಲಿ ಇದು ಕೆಂಪಾಗಿ ಕಾಣುವುದು ಕಡಿಮೆ. ಮುಂಗೈಯ ಹೊರಬದಿ, ಕತ್ತಿನ ಹಿಂಭಾಗದಲ್ಲಿ ಗುಂಡುಸೂಜಿಯ ತಲೆಯಷ್ಟು ಸಣ್ಣ, ಸುತ್ತಲಿನ ಚರ್ಮಕ್ಕಿಂತ ತುಸು ಬೆಳ್ಳಗಿನ ಗುಳ್ಳೆಗಳು ಒತ್ತೊತ್ತಾಗಿ ಏಳುತ್ತವೆ. ಕುಪ್ಪಸದ ತೋಳು ಮುಗಿದಲ್ಲಿಂದ ಬಳೆಯವರೆಗಿನ ಭಾಗವನ್ನು ಓರೆಬೆಳಕಿನಲ್ಲಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ.

19. ಹೆಚ್ಚು ಬಿಸಿಲು ಬೀಳುವ ಮುಖದಲ್ಲಿ ಈ ಗುಳ್ಳೆ ಹಲವರಿಗೆ ಬರುವುದೇ ಇಲ್ಲ. ವರ್ಷವಿಡೀ ಬಿಸಿಲು ಕಂಡ ಚರ್ಮ ಪಳಗಿರುತ್ತದೆ. ಚಳಿಗಾಲದಲ್ಲಿ ಶಾಲು, ಸ್ವೆಟರಿನಡಿ ಇದ್ದ ಚರ್ಮ ಪಳಗಿರುವುದಿಲ್ಲ. ಅದೇ ಕಾರಣಕ್ಕೆ ಬೇಸಿಗೆ ಮುಂದುವರಿದಂತೆ ಅನೇಕರಲ್ಲಿ ತುರಿಕೆ ತಾನಾಗಿ ತಗ್ಗುತ್ತದೆ, ಮುಂದಿನ ವರ್ಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

20. ಗಿಡ್ಡ ಕೂದಲಿನ ಹುಡುಗರಿಗೆ ವಸಂತದಲ್ಲಿ ಕಿವಿಯ ಮೇಲಂಚಿನಲ್ಲಷ್ಟೇ ತುರಿಕೆಯ ಗುಳ್ಳೆ ಬರುವುದುಂಟು. ಇದೂ ಅದೇ ಕಾಯಿಲೆಯ ಒಂದು ರೂಪ. ಒಂದೆರಡು ವಾರದಲ್ಲಿ ಮಾಯುತ್ತದೆ. ಟೋಪಿ ಸಾಕು.

21. ಭೂಮಿಗೆ ತಲುಪುವ ನೇರಳಾತೀತ ಕಿರಣದಲ್ಲಿ ಸುಮಾರು ಶೇ. 95 ಭಾಗ 'ಎ' ಬಗೆಯದು. ಕಿಟಕಿಯ ಗಾಜು 'ಬಿ' ಬಗೆಯನ್ನು ತಡೆಯುತ್ತದೆ, 'ಎ' ಬಗೆಯನ್ನು ಬಹುಪಾಲು ಒಳಗೆ ಬಿಡುತ್ತದೆ. ಬಸ್ಸಿನಲ್ಲಿ ಗಾಜು ಹಾಕಿಕೊಂಡು ಕಿಟಕಿ ಬದಿ ಕೂತು ವಿಜಯಪುರಕ್ಕೆ ಹೋದವರ ಒಂದೇ ಕೈಗೆ ತುರಿಕೆ ಬಂದರೆ ಆಶ್ಚರ್ಯವಿಲ್ಲ.

22. ತೊಯ್ದ ತೆಳು ಬಿಳಿ ಹತ್ತಿಬಟ್ಟೆ ಒಣಗಿದ್ದಕ್ಕಿಂತ ಕಡಿಮೆ ಕಿರಣ ತಡೆಯುತ್ತದೆ. ಒತ್ತಾದ ನೇಯ್ಗೆಯ ಗಾಢ ಬಣ್ಣದ ಬಟ್ಟೆ ಹೆಚ್ಚು ತಡೆಯುತ್ತದೆ. ನಮ್ಮ ಹಿರಿಯರ ರುಮಾಲು ತಲೆ ಮತ್ತು ಕತ್ತಿನ ಹಿಂಭಾಗವನ್ನೂ, ಇಳಕಲ್ ಸೀರೆಯ ಸೆರಗು ಕಿವಿಯನ್ನೂ ಮುಚ್ಚುತ್ತಿತ್ತು. ಬರೀ ಮುಂಬದಿ ಅಂಚಿರುವ ಕ್ಯಾಪು ಇವೆರಡನ್ನೂ ಬಿಸಿಲಿಗೆ ಬಿಡುತ್ತದೆ.

ಹಣ್ಣು, ಬಣ್ಣ, ಬೇವು

23. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಆದರೆ ತುರಿಕೆಗೆ ಲಿಂಬಿಹಣ್ಣು ತಿಕ್ಕಿ ಬಿಸಿಲಿಗೆ ಹೋಗಬೇಡಿ. ಅದರಲ್ಲಿನ ಫ್ಯೂರೊಕುಮರಿನ್ ಎಂಬ ಅಂಶ ಬಿಸಿಲಿನ 'ಎ' ಕಿರಣದ ಜೊತೆ ಸೇರಿ ಚರ್ಮವನ್ನು ಸುಡುತ್ತದೆ. ಒಂದೆರಡು ದಿನದ ಮೇಲೆ ರಸ ಹರಿದ ದಾರಿಯಲ್ಲೇ ಬೊಬ್ಬೆ ಎದ್ದು, ಆಮೇಲೆ ವಾರಗಟ್ಟಲೆ ಕಪ್ಪು ಗೆರೆ ಉಳಿಯುತ್ತದೆ. ಪಾನಕಕ್ಕೆ ಹಣ್ಣು ಹಿಂಡಿದ ಮೇಲೂ ಕೈ ತೊಳೆದೇ ಹೊರಗೆ ಹೋಗಿ.

24. ಮಾವು, ಗೋಡಂಬಿ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜ, ಮೂರೂ ಒಂದೇ ಕುಟುಂಬ. ಮಾವಿನ ತೊಟ್ಟಿನ ಸೊನೆಗೆ ತುಟಿಯ ಸುತ್ತ ಉರಿಗುಳ್ಳೆ ಏಳುವುದು ಈ ಬಳಗದ ಎಣ್ಣೆಯಂಥ ರಸದಿಂದ. ತೊಟ್ಟು ಮುರಿದು, ಸೊನೆ ಇಳಿಸಿ, ನೀರಲ್ಲಿ ನೆನೆಹಾಕಿ ತೊಳೆದರೆ ತೊಂದರೆ ಕಡಿಮೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಭಾರತದಲ್ಲಿದ್ದ ಅಮೆರಿಕದ ಸೈನಿಕರ ಕತ್ತಿನಲ್ಲಿ ಎದ್ದ ತುರಿಕೆಗೆ ಅಂಗಿಯ ಮೇಲಿನ ಕೇರಿನ ಗುರುತೇ ಕಾರಣವೆಂದು ವೈದ್ಯರು 1943ರಲ್ಲಿ ವರದಿ ಮಾಡಿದ್ದರು.

25. ಹೋಳಿ ಎಂದರೆ ನೆರೆಯ ಬಾಗಲಕೋಟೆಯಲ್ಲಿ ದಿನಗಟ್ಟಲೆ ನಡೆಯುವ ಹಬ್ಬ. ಅಗ್ಗದ ಬಣ್ಣಗಳಲ್ಲಿ ಮಲಕೈಟ್ ಗ್ರೀನ್, ರೋಡಮಿನ್‌ನಂಥ ಕಾರ್ಖಾನೆಯ ಬಣ್ಣಗಳು ಬೆರೆತಿರುವುದುಂಟು. ಆಟಕ್ಕೆ ಮೊದಲು ಮೈಗೆ ಕೊಬ್ಬರಿ ಎಣ್ಣೆ ಹಚ್ಚಿ. ಆಟದ ನಂತರ ಸೀಮೆಎಣ್ಣೆ, ಕಲ್ಲು, ನಾರು ಹಾಕಿ ಉಜ್ಜಬೇಡಿ. ಬಣ್ಣಕ್ಕಿಂತ ಅದನ್ನು ತೆಗೆಯುವ ರಭಸವೇ ಎಷ್ಟೋ ಸಲ ಚರ್ಮ ಕೆಡಿಸುತ್ತದೆ. ಇದೇ ಕಾಲಕ್ಕೆ ಅರಳುವ ಮುತ್ತುಗದ ಹೂ ನೀರಲ್ಲಿ ಕುದಿಸಿದರೆ ಒಳ್ಳೆಯ ಕೇಸರಿ ಬಣ್ಣ ಬಿಡುತ್ತದೆ.

26. ಯುಗಾದಿಯಂದು ಬೇವಿನೆಲೆ ಹಾಕಿದ ನೀರಿನ ಜಳಕ ನಮ್ಮ ಕಡೆ ತಪ್ಪದು. ಅದು ಮುಂದುವರಿಯಲಿ. ಆದರೆ ಬೇವಿನ ಎಲೆ ಅರೆದು ತುರಿಕೆಯ ಗಾಯಕ್ಕೆ ಕಟ್ಟಿದಾಗ ಬೇವಿಗೇ ಅಲರ್ಜಿಯಾದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿವೆ. ಕೆರೆದು ಸೀಳಿದ ಚರ್ಮಕ್ಕೆ ಯಾವ ಸೊಪ್ಪನ್ನೂ ಅರೆದು ಕಟ್ಟಬೇಡಿ.

27. 'ಪಿತ್ತದ ಗಾದರಿ' ಎಂದು ನಾವು ಕರೆಯುವ ದದ್ದನ್ನು ಆಯುರ್ವೇದದ 'ಮಾಧವನಿದಾನ' ಶೀತಪಿತ್ತ, ಉದರ್ದ, ಕೋಠ ಎಂದು ಬೇರೆ ಬೇರೆ ಹೆಸರಿಟ್ಟು ಒಂದೇ ಅಧ್ಯಾಯದಲ್ಲಿ ವಿವರಿಸುತ್ತದೆ. ಗಾದರಿಯ ಗುರುತು ಸುಲಭ: ಒಂದು ದದ್ದು ಎದ್ದಲ್ಲೇ 24 ಗಂಟೆಯೊಳಗೆ ಮಾಯವಾಗಿ ಇನ್ನೊಂದು ಕಡೆ ಏಳುತ್ತದೆ. ದದ್ದಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಮರುದಿನ ನೋಡಿದರೆ ನಿಮಗೇ ತಿಳಿಯುತ್ತದೆ.

ತುರಿಕೆಯ ಒಳಗುಟ್ಟು

28. 1660ರಲ್ಲಿ ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾಫೆನ್‌ರೆಫರ್, ಕೆರೆದುಕೊಳ್ಳುವ ಬಯಕೆ ಹುಟ್ಟಿಸುವ ಅಹಿತಕರ ಅನುಭವವೇ ತುರಿಕೆ ಎಂದು ವಿವರಿಸಿದ. ಆ ವಿವರಣೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

29. ಕೆರೆದರೆ ಹಿತವಾಗುವುದು ಏಕೆ? ಉಗುರಿನ ಸಣ್ಣ ನೋವು ಬೆನ್ನುಹುರಿಯಲ್ಲಿ ತುರಿಕೆಯ ಸಂದೇಶವನ್ನು ಅಡಗಿಸುತ್ತದೆ. ಆದರೆ ಕೆರೆತದಿಂದ ಚರ್ಮದ ಕೋಶಗಳು ಒಡೆದು ಇನ್ನಷ್ಟು ತುರಿಕೆಯ ರಾಸಾಯನಿಕ ಹೊರಬರುತ್ತದೆ. ತಂಪು ಕೂಡ ತುರಿಕೆಯನ್ನು ಅಡಗಿಸುತ್ತದೆ, ಚರ್ಮ ಕೆಡಿಸದೆ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ, ಕೆರೆತ ತಡೆಯಲು ಇದಕ್ಕಿಂತ ಅಗ್ಗದ ಮದ್ದಿಲ್ಲ.

30. ರಾತ್ರಿ ತುರಿಕೆ ಹೆಚ್ಚುವುದು ಭ್ರಮೆಯಲ್ಲ. ಸಂಜೆಯ ನಂತರ ಚರ್ಮದ ಉಷ್ಣತೆ ಏರುತ್ತದೆ, ಉರಿಯೂತ ತಗ್ಗಿಸುವ ಕಾರ್ಟಿಸಾಲ್ ಇಳಿಯುತ್ತದೆ, ಮನಸ್ಸಿಗೂ ಬೇರೆ ಕೆಲಸವಿರುವುದಿಲ್ಲ. ಮಕ್ಕಳ ಉಗುರು ಕತ್ತರಿಸಿಯೇ ಮಲಗಿಸಿ.

31. ಆದರೆ ರಾತ್ರಿಯ ತುರಿಕೆ ಮನೆಮಂದಿಗೆಲ್ಲ ಬಂದಿದ್ದರೆ, ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ ಇದ್ದರೆ ಅದು ಋತುವಿನ ಆಟವಲ್ಲ, ತುರಿಕಜ್ಜಿ. ಅರ್ಧ ಮಿಲಿಮೀಟರಿಗಿಂತ ಸಣ್ಣ ನುಸಿ ಅದಕ್ಕೆ ಕಾರಣ. ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ 1687ರಲ್ಲೇ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದರು. ತುರಿಕೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ದಿನ ಔಷಧಿ ಹಚ್ಚಿಕೊಳ್ಳದಿದ್ದರೆ ಅದು ಮನೆ ಬಿಟ್ಟು ಹೋಗುವುದಿಲ್ಲ.

ಔಷಧಿ ಅಂಗಡಿಯ ಮುಂದೆ

32. ಇದನ್ನು ದಯವಿಟ್ಟು ಎರಡು ಸಲ ಓದಿ. ಬೆವರಿನ ಕಾಲ ಬಂದೊಡನೆ ತೊಡೆಸಂದಿ, ಸೊಂಟದಲ್ಲಿ ಉಂಗುರದಂತೆ ಏಳುವ ತುರಿಕೆ ಹುಳಕಡ್ಡಿ, ಅದಕ್ಕೆ ಕಾರಣ ಶಿಲೀಂಧ್ರ. ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೆ ಹಬ್ಬುತ್ತದೆ. ಉಂಗುರದ ಗುರುತೂ ಅಳಿಸಿಹೋಗಿ ವೈದ್ಯರಿಗೇ ಪತ್ತೆ ಕಷ್ಟವಾಗುತ್ತದೆ. ವರ್ಷಗಟ್ಟಲೆ ಬಳಿದರೆ ಚರ್ಮ ತೆಳುವಾಗಿ, ಮಾಸದ ಗೆರೆಗಳು ಮೂಡುತ್ತವೆ.

33. ಭಾರತದಲ್ಲಿ ಹಬ್ಬಿರುವ, ಮಾಮೂಲಿ ಔಷಧಿಗೆ ಬಗ್ಗದ ಒಂದು ಹುಳಕಡ್ಡಿ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಡಲಾಯಿತು. ನಮ್ಮ ದೇಶದ ಹೆಸರು ಹೀಗೆ ದಾಖಲಾಗಲು ಸ್ಟಿರಾಯ್ಡ್ ಮುಲಾಮಿನ ಬೇಕಾಬಿಟ್ಟಿ ಬಳಕೆಯೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿಗೊಳಿಸಿದೆ.

34. ಹಾಗೆಂದು ಸ್ಟಿರಾಯ್ಡ್ ವಿಷವಲ್ಲ. 1952ರಿಂದ ಚರ್ಮವೈದ್ಯರ ಕೈಯಲ್ಲಿರುವ ಒಳ್ಳೆಯ ಔಷಧಿ ಅದು. ಬಿಸಿಲಿನ ತುರಿಕೆಗೂ ಕಾಂಗ್ರೆಸ್ ಕಸದ ತುರಿಕೆಗೂ ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಗುಣ ಕೊಡುತ್ತದೆ. ಅಳತೆಯೂ ಇದೆ: ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು.

35. ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಅಲರ್ಜಿ ಗುಳಿಗೆ ತೂಕಡಿಕೆ ತರುತ್ತದೆ. ಅದನ್ನು ನುಂಗಿ ಟ್ರ್ಯಾಕ್ಟರ್ ಹತ್ತಬೇಡಿ, ರಾಶಿ ಮಷೀನಿಗೆ ತೆನೆ ಕೊಡಲು ನಿಲ್ಲಬೇಡಿ. ತೂಕಡಿಕೆ ಕಡಿಮೆ ಇರುವ ಗುಳಿಗೆಗಳಿವೆ, ಕೇಳಿ ಬರೆಸಿಕೊಳ್ಳಿ.

36. ಕ್ಯಾಲಮೈನ್ ಲೋಶನ್ನಿನ ಗುಲಾಬಿ ಬಣ್ಣಕ್ಕೆ ಕಾರಣ ಅದರಲ್ಲಿರುವ ಚೂರು ಕಬ್ಬಿಣದ ಆಕ್ಸೈಡ್. ಉಳಿದ ಪುಡಿ ಹೆಚ್ಚಾಗಿ ಸತುವಿನ ಆಕ್ಸೈಡ್. ಹಚ್ಚಿದ ಲೋಶನ್ನಿನ ನೀರು ಆರುವಾಗ ತಂಪಾಗಿ ತುರಿಕೆ ಇಳಿಯುತ್ತದೆ. ಬೆವರುಸಾಲೆಗೆ, ಸುಂಕಿನ ತುರಿಕೆಗೆ ಇಷ್ಟೇ ಸಾಕಾಗುವುದುಂಟು.

37. ಸ್ವಸ್ಥ ಚರ್ಮ ತುಸು ಆಮ್ಲೀಯ, ಮಾಮೂಲಿ ಸೋಪು ಕ್ಷಾರೀಯ. ದಿನಕ್ಕೆರಡು ಸಲ ಬಿಸಿನೀರು, ಸೋಪು ಹಾಕಿ ತಿಕ್ಕಿದರೆ ಚರ್ಮದ ಮೇಲ್ಪದರದ ಜಿಡ್ಡು ಕರಗಿ ತುರಿಕೆ ಹೆಚ್ಚುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಜಳಕ ಮುಗಿದು ಮೈ ಇನ್ನೂ ತೇವವಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಸವರಿ. ಬೆವರುಸಾಲೆ ಎದ್ದಿರುವ ಜಾಗಕ್ಕೆ ಮಾತ್ರ ಜಿಡ್ಡು ಬೇಡ, ಅದು ಬೆವರಿನ ದಾರಿಯನ್ನು ಮತ್ತಷ್ಟು ಕಟ್ಟುತ್ತದೆ.

ವೈದ್ಯರ ಬಳಿ

38. ಯಾವ ವಸ್ತು ನಿಮಗೆ ಒಗ್ಗದು ಎಂದು ತಿಳಿಯುವ 'ಪ್ಯಾಚ್ ಟೆಸ್ಟ್'ಗೆ ಸೂಜಿಯೇ ಬೇಡ. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, 48 ಗಂಟೆಯ ನಂತರ ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಜರ್ಮನಿಯ ಯೋಸೆಫ್ ಯಾದಾಸ್ಸೋನ್ 1895ರಲ್ಲಿ ತೋರಿಸಿಕೊಟ್ಟ ವಿಧಾನವಿದು. ಭಾರತದಲ್ಲಿ ಬಳಸುವ ಪರೀಕ್ಷಾ ಸರಣಿಯಲ್ಲಿ ಪಾರ್ಥೇನಿಯಂ ಕೂಡ ಇದೆ. ಆ ದಿನಗಳಲ್ಲಿ ಬೆನ್ನು ತೋಯುವಂತಿಲ್ಲ, ಬೆವರುವ ಕೆಲಸವೂ ಬೇಡ.

39. ಮೊದಲ ಭೇಟಿಗೆ ಮುದ್ದೇಬಿಹಾಳದ ತಾಲ್ಲೂಕು ಆಸ್ಪತ್ರೆ ಇದೆ. ವಿಜಯಪುರದಲ್ಲಿ ಬಿ.ಎಲ್.ಡಿ.ಇ.ಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳಿವೆ. ಹೋಗುವಾಗ ಈವರೆಗೆ ಹಚ್ಚಿದ ಮುಲಾಮಿನ ಟ್ಯೂಬು, ನುಂಗಿದ ಗುಳಿಗೆಯ ಹಾಳೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಯಾವುದನ್ನೂ ಮುಚ್ಚಿಡಬೇಡಿ, ವೈದ್ಯರಿಗೆ ಅವೇ ಮುಖ್ಯ ಸುಳಿವು.

40. ಪಾರ್ಥೇನಿಯಂ ತುರಿಕೆ ಮೈಯೆಲ್ಲ ಹಬ್ಬಿದವರಿಗೆ ಅಜಾಥಯೋಪ್ರಿನ್ ಎಂಬ ಗುಳಿಗೆ ಉಪಯುಕ್ತವೆಂದು ದಿಲ್ಲಿಯ ಏಮ್ಸ್ ವೈದ್ಯರು ಅಧ್ಯಯನ ಮಾಡಿ ತೋರಿಸಿದ್ದಾರೆ. ಇದಕ್ಕೆ ಆಗಾಗ ರಕ್ತಪರೀಕ್ಷೆ ಬೇಕು. ಕಾಯಿಲೆ ಹಳೆಯದೆಂದು ಕೈಚೆಲ್ಲಬೇಕಿಲ್ಲ, ಹಾಗೆಂದು ಸ್ವಂತ ಬುದ್ಧಿಯಿಂದ ನುಂಗುವ ಔಷಧಿಯೂ ಇದಲ್ಲ.

41. ಗಾದರಿಯ ಜೊತೆ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಕಾಯಬೇಡಿ. ಆ ಕ್ಷಣವೇ 108ಕ್ಕೆ ಕರೆ ಮಾಡಿ.

42. ತುರಿಸದ ಮಚ್ಚೆಯನ್ನೂ ನಿರ್ಲಕ್ಷಿಸಬೇಡಿ. ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆ ಕುಷ್ಠದ ಗುರುತಿರಬಹುದು. ಬೇಗ ಹೋದರೆ ಪೂರ್ತಿ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

43. ಗೋಡೆಯ ಕ್ಯಾಲೆಂಡರೇ ನಿಮ್ಮ ದಾಖಲೆಯಾಗಲಿ. ತುರಿಕೆ ಎದ್ದ ದಿನ ಗುರುತು ಹಾಕಿ, ಹಿಂದಿನ ಎರಡು ದಿನ ಮಾಡಿದ ಕೆಲಸ ಬರೆಯಿರಿ: ಜೋಳದ ರಾಶಿ, ಕಡಲೆ ಕಿತ್ತದ್ದು, ಬಣ್ಣದಾಟ, ಹೂ ಕಟ್ಟಿದ್ದು, ಬಿಸಿಲಲ್ಲಿ ಬೈಕು ಓಡಿಸಿದ್ದು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ, ವೈದ್ಯರನ್ನು ಕಾಣುವ ಹೊತ್ತಿಗೆ ಗುಳ್ಳೆ ಅಡಗಿರಬಹುದು.

44. ಬಿಸಿಲಿನ ತುರಿಕೆ ಪ್ರತಿ ವರ್ಷ ಹೈರಾಣಾಗಿಸುವವರಿಗೆ ಆಸ್ಪತ್ರೆಯಲ್ಲಿ ಅಳತೆಯ ಕಿರಣ ಕೊಟ್ಟು ಚರ್ಮವನ್ನು ಮೊದಲೇ ಪಳಗಿಸುವ ಚಿಕಿತ್ಸೆಯಿದೆ. ಅದನ್ನು ಮಾಡುವುದು ತುರಿಕೆ ಬಂದ ಮೇಲಲ್ಲ, ಬಿಸಿಲು ಏರುವ ಮುನ್ನ. ಪಾರ್ಥೇನಿಯಂ ಕೀಳುವುದೂ ಹೂ ಬಿಡುವ ಮುನ್ನ. ಕುಸುಬಿ ಹೊಲಕ್ಕೆ ಕೈಗವಸು ಹೊಲಿಸುವುದೂ ಕೊಯ್ಲಿಗೆ ಮುನ್ನ. ಯುಗಾದಿಯ ತುರಿಕೆಗೆ ಸಂಕ್ರಾಂತಿಯಲ್ಲೇ ವೈದ್ಯರನ್ನು ಕಂಡರೆ ಆ ಬೇಸಿಗೆಯನ್ನು ಕೆರೆದುಕೊಳ್ಳುತ್ತ ಕಳೆಯಬೇಕಿಲ್ಲ.